ಭ್ರಮೆಗೂ ಮೊದಲು ಬದಲಾಗುವುದು ಗಮನ

‘ಆಫೀಸಿನವರೆಲ್ಲ ಸೇರಿಕೊಂಡು ನನ್ನ ಮೇಲೆ ಕಣ್ಣಿಟ್ಟಿದ್ದಾರೆ’ ಎಂದು ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಒಂದು ದಿನ ಮನೆಯಲ್ಲಿ ಹೇಳುತ್ತಾನೆ ಅಂದುಕೊಳ್ಳಿ. ಮನೆಯವರಿಗೆ ಗಾಬರಿ. ‘ಇಷ್ಟು ಓದಿದವನು, ಇಂಥದ್ದನ್ನೆಲ್ಲ ಹೇಗೆ ನಂಬ್ತೀಯ?’ ಎಂದು ಕೇಳುತ್ತಾರೆ. ಅವನು ಹತ್ತು ಸಾಕ್ಷಿ ಮುಂದಿಡುತ್ತಾನೆ. ಮನೆಯವರು ಹತ್ತನ್ನೂ ತಳ್ಳಿಹಾಕುತ್ತಾರೆ. ಮಾತು ಬೆಳೆದು ಜಗಳವಾಗುತ್ತದೆ. ಕೊನೆಗೆ ಅವನು ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಾನೆ. ‘ಇವರೂ ಅವರ ಕಡೆಯವರೇ’ ಎಂಬ ಹನ್ನೊಂದನೇ ಸಾಕ್ಷಿ ಅವನಿಗೆ ಸಿಕ್ಕಿರುತ್ತದೆ.

ಈ ಜಗಳದಲ್ಲಿ ಎಲ್ಲರೂ ನಂಬಿಕೆಯ ಬಗ್ಗೆಯೇ ಮಾತಾಡುತ್ತಾರೆ. ಆದರೆ ನಂಬಿಕೆ ಬಂದದ್ದು ಕೊನೆಯಲ್ಲಿ. ಅದಕ್ಕೂ ವಾರಗಳ, ಕೆಲವೊಮ್ಮೆ ತಿಂಗಳುಗಳ ಮೊದಲೇ ಅವನಲ್ಲಿ ಬೇರೇನೋ ಬದಲಾಗಿರುತ್ತದೆ. ಗಮನ ಹೋಗುವ ಜಾಗ ಬದಲಾಗಿರುತ್ತದೆ. ಸುಮ್ನೆ ಹಾದುಹೋಗಬೇಕಾದ ಸಣ್ಣಪುಟ್ಟ ಸಂಗತಿಗಳು ಹೋಗದೆ ಮನಸ್ಸಿನಲ್ಲಿ ಉಳಿಯತೊಡಗಿರುತ್ತವೆ. ಸೈಕೋಸಿಸ್‌ನ ಶುರುವಿನ ಹಂತವನ್ನು ಅರ್ಥಮಾಡಿಕೊಳ್ಳಲು ಇಲ್ಲಿಂದಲೇ ಹೊರಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಹಾಗೆ ಹೊರಟರೆ ಚಿಕಿತ್ಸೆಯನ್ನು ನೋಡುವ ರೀತಿ ಬದಲಾಗುತ್ತದೆ. ಮನೆಯವರು ಆಡುವ ಮಾತೂ ಬದಲಾಗುತ್ತದೆ.

ಮೊದಲು ಒಂದೆರಡು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಸೈಕೋಸಿಸ್ ಒಂದೇ ಕಾಯಿಲೆಯ ಹೆಸರಲ್ಲ. ವಾಸ್ತವದ ಜತೆಗಿನ ಹಿಡಿತ ಸಡಿಲವಾಗುವ ಸ್ಥಿತಿ ಅದು. ಸ್ಕಿಜೋಫ್ರೇನಿಯಾ, ಬೈಪೋಲಾರ್, ತೀವ್ರ ಖಿನ್ನತೆ, ಮಾದಕ ವಸ್ತು, ಕೆಲವು ಮಿದುಳಿನ ಕಾಯಿಲೆಗಳು, ಹೀಗೆ ಹಲವು ದಾರಿಗಳಿಂದ ಅದು ಬರಬಹುದು. ಯಾರಿಗೂ ಕೇಳಿಸದ ಧ್ವನಿ ಕೇಳಿಸುವುದು ಅದರ ಒಂದು ಮುಖ. ಎಷ್ಟು ಪುರಾವೆ ಕೊಟ್ಟರೂ ಅಲುಗದ ನಂಬಿಕೆ ಇನ್ನೊಂದು. ಡೆಲ್ಯೂಷನ್ ಎಂದು ವೈದ್ಯರು ಕರೆಯುವ ಈ ಎರಡನೆಯದನ್ನೇ ಇಲ್ಲಿ ಭ್ರಮೆ ಎನ್ನುತ್ತಿದ್ದೇನೆ. ಜಾಸ್ತಿ ಜನರಿಗೆ ಇದು ಮೊದಲು ಕಾಣಿಸಿಕೊಳ್ಳುವುದು ಹದಿಹರೆಯದ ಕೊನೆ ಮತ್ತು ಇಪ್ಪತ್ತರ ವಯಸ್ಸಿನಲ್ಲಿ. ಓದು, ಕೆಲಸ, ಸ್ನೇಹ ಎಲ್ಲವೂ ರೂಪ ಪಡೆಯುವ ಕಾಲ ಅದು. ಮೊದಲ ಸಲ ಬಂದ ಸೈಕೋಸಿಸ್ ಮತ್ತು ಅದರ ನಂತರದ ಕೆಲವು ವರ್ಷಗಳನ್ನು ಸೇರಿಸಿ ಆರಂಭಿಕ ಹಂತ ಎನ್ನುತ್ತಾರೆ.

ಏನೋ ನಡೆಯಲಿದೆ ಎಂಬ ಅನಿಸಿಕೆ

ಭ್ರಮೆ ಹುಟ್ಟುವ ಮೊದಲಿನ ಈ ಸಮಯದ ಬಗ್ಗೆ ಹಳೆಯ ಮನೋವೈದ್ಯರು ತುಂಬ ಚೆನ್ನಾಗಿ ಬರೆದಿದ್ದಾರೆ. ಜರ್ಮನಿಯ ಕಾರ್ಲ್ ಯಾಸ್ಪರ್ಸ್ 1913ರಲ್ಲೇ ಇದನ್ನು ವಿವರಿಸಿದ್ದರು. ಸುತ್ತಲಿನ ವಸ್ತುಗಳು ಅವೇ, ಜನರೂ ಅವರೇ. ಆದರೂ ಎಲ್ಲದರಲ್ಲೂ ಏನೋ ವ್ಯತ್ಯಾಸ. ಏನು ಎಂದು ಹೇಳಲು ಆಗದು, ಇಲ್ಲ ಎಂದು ತಳ್ಳಿಹಾಕಲೂ ಆಗದು.

ಅದೇ ದೇಶದ ಕ್ಲಾಸ್ ಕೊನ್ರಾಡ್ ಇದನ್ನು ಇನ್ನಷ್ಟು ಹತ್ತಿರದಿಂದ ನೋಡಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನಾ ಆಸ್ಪತ್ರೆಗೆ ಬಂದ 107 ಸೈನಿಕರನ್ನು ಪರೀಕ್ಷಿಸಿ, 1958ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಅವರು ಗುರುತಿಸಿದ ಮೊದಲ ಹಂತದಲ್ಲಿ ಭ್ರಮೆಯೇ ಇರುವುದಿಲ್ಲ. ಇರುವುದು ಬಿಗಿತ, ಕಾತರ. ನಾಟಕದ ನಟ ರಂಗಕ್ಕೆ ಹೋಗುವ ಮುನ್ನ ಅನುಭವಿಸುವ ನಡುಕಕ್ಕೆ ಜರ್ಮನ್ ರಂಗಭೂಮಿಯವರು ಬಳಸುವ ಮಾತನ್ನೇ ಅವರು ಈ ಹಂತಕ್ಕೆ ಇಟ್ಟರು. ಏನೋ ನಡೆಯಲಿದೆ ಎಂಬುದು ಮಾತ್ರ ಗೊತ್ತು. ಎರಡನೇ ಹಂತದಲ್ಲಿ ಥಟ್ಟನೆ ಅರ್ಥ ಹೊಳೆಯುತ್ತದೆ. ‘ಓ, ಇದೆಲ್ಲ ನನಗಾಗಿಯೇ ನಡೆಯುತ್ತಿದೆ!’ ಮೂರನೇ ಹಂತದಲ್ಲಿ ಇಡೀ ಜಗತ್ತು ತನ್ನ ಸುತ್ತಲೇ ತಿರುಗುತ್ತಿದೆ ಎನಿಸುತ್ತದೆ.

ಇಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿ ಇದೆ. ಮೊದಲ ಹಂತದ ಚಡಪಡಿಕೆಯಲ್ಲಿ ಬಳಲಿದವನಿಗೆ ಎರಡನೇ ಹಂತದ ಹೊಳಹು ಒಂದು ಬಗೆಯ ನೆಮ್ಮದಿ ಕೊಡುತ್ತದೆ. ‘ನನ್ನನ್ನು ಹಿಂಬಾಲಿಸುತ್ತಿದ್ದಾರೆ’ ಎಂಬುದು ಭಯಂಕರ ಯೋಚನೆಯೇ ಇರಬಹುದು. ಆದರೆ ಏನೂ ಅರ್ಥವಾಗದೆ ದಿನಗಟ್ಟಲೆ ನರಳುವುದಕ್ಕಿಂತ ಅದು ಎಷ್ಟೋ ವಾಸಿ ಎನಿಸುತ್ತದೆ. ಕೊನೆಗೂ ಒಂದು ಉತ್ತರ ಸಿಕ್ಕಿತಲ್ಲ! ಇಂಥ ಉತ್ತರವನ್ನು ಯಾರೋ ಬಂದು ಕಿತ್ತುಕೊಳ್ಳಲು ನೋಡಿದರೆ ಅವನು ಬಿಡುವುದಿಲ್ಲ. ಬಿಟ್ಟರೆ ಮತ್ತೆ ಆ ಹಳೆಯ ಚಡಪಡಿಕೆಗೇ ಹೋಗಬೇಕಾಗುತ್ತದೆ, ಅಲ್ವಾ?

ಎಲ್ಲದರ ಅಡಿಗೂ ಗೆರೆ

ಹಾಗಾದರೆ ಈ ಚಡಪಡಿಕೆ ಬರುವುದು ಎಲ್ಲಿಂದ? ಇದಕ್ಕೆ ಅತ್ಯಂತ ಪ್ರಭಾವಿ ಉತ್ತರ ಕೊಟ್ಟವರು ಮನೋವೈದ್ಯ ಶಿತಿಜ್ ಕಪೂರ್. 2003ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಅವರು ಮಿದುಳಿನ ರಸಾಯನವನ್ನೂ ರೋಗಿಯ ಅನುಭವವನ್ನೂ ಒಂದೇ ವಿವರಣೆಯೊಳಗೆ ತಂದರು. ಅದಕ್ಕೂ ಮೊದಲು ಈ ಎರಡರ ಬಗ್ಗೆ ಬೇರೆ ಬೇರೆ ಜನ ಬೇರೆ ಬೇರೆ ಭಾಷೆಯಲ್ಲಿ ಮಾತಾಡುತ್ತಿದ್ದರು.

ವಿವರಣೆಯ ನಡುವೆ ನಿಲ್ಲುವುದು ಡೋಪಮೈನ್. ಇದನ್ನು ‘ಖುಷಿಯ ರಾಸಾಯನಿಕ’ ಎಂದು ಕರೆಯುವುದು ರೂಢಿಯಾಗಿದೆ. ಆ ಹೆಸರು ದಾರಿ ತಪ್ಪಿಸುತ್ತದೆ. 1990ರ ದಶಕದಲ್ಲಿ ವೋಲ್ಫ್ರಾಮ್ ಶುಲ್ಟ್ಸ್ ಮತ್ತು ಅವರ ಜತೆಗಾರರು ಕೋತಿಗಳ ಮಿದುಳಿನಲ್ಲಿ ಡೋಪಮೈನ್ ಕೋಶಗಳನ್ನು ಗಮನಿಸಿದರು. ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಕೋಶಗಳು ಚುರುಕಾದವು. ರಸಕ್ಕೂ ಮೊದಲು ಒಂದು ಸೂಚನೆ ಬರುತ್ತದೆ ಎಂದು ಕೋತಿ ಕಲಿತ ಮೇಲೆ, ಕೋಶಗಳು ಸೂಚನೆಗೇ ಚುರುಕಾದವು, ರಸಕ್ಕಲ್ಲ. ಸೂಚನೆ ಬಂದೂ ರಸ ಬರದಿದ್ದರೆ ಅವುಗಳ ಚಟುವಟಿಕೆ ಕುಸಿಯಿತು. ಎಂದರೆ ಡೋಪಮೈನ್ ಹೇಳುವುದು, ‘ನೀನು ಅಂದುಕೊಂಡದ್ದಕ್ಕಿಂತ ಬೇರೇನೋ ಆಯಿತು, ಇದನ್ನು ಗಮನಿಸು, ಇದರಿಂದ ಕಲಿ’ ಎಂದು.

ಓದುವಾಗ ಮುಖ್ಯ ಸಾಲುಗಳ ಅಡಿಗೆ ಬಣ್ಣದ ಪೆನ್ನಿನಿಂದ ಗೆರೆ ಎಳೆಯುತ್ತೇವಲ್ಲ, ಡೋಪಮೈನ್ ಮಾಡುವ ಕೆಲಸ ಹೆಚ್ಚುಕಡಿಮೆ ಅದೇ. ಈಗ ಆ ಪೆನ್ನು ತನ್ನಷ್ಟಕ್ಕೆ ತಾನೇ, ಸಿಕ್ಕ ಸಿಕ್ಕ ಸಾಲಿನ ಅಡಿಗೆಲ್ಲ ಗೆರೆ ಎಳೆಯತೊಡಗಿದರೆ? ಎದುರಿನವರ ಕೆಮ್ಮಿಗೆ ಒಂದು ಗೆರೆ. ನಿಂತ ಕಾರಿನ ನಂಬರಿಗೆ ಒಂದು. ಟಿವಿಯಲ್ಲಿ ವಾರ್ತೆ ಓದುವವರು ತಲೆ ಎತ್ತಿದ ರೀತಿಗೆ ಇನ್ನೊಂದು. ಓದುವವನಿಗೆ ಪೆನ್ನು ಹಾಳಾಗಿದೆ ಎಂದು ಗೊತ್ತಿಲ್ಲ. ಅವನಿಗೆ ಕಾಣುವುದು ಗೆರೆಗಳು ಮಾತ್ರ. ಇಷ್ಟೊಂದು ಗೆರೆ ಇದೆ ಎಂದರೆ ಏನೋ ಅರ್ಥ ಇರಲೇಬೇಕು ಎಂದು ಅವನು ಹುಡುಕುತ್ತಾನೆ. ಹುಡುಕಿದವನಿಗೆ ಅರ್ಥ ಸಿಕ್ಕೇ ಸಿಗುತ್ತದೆ.

ಕಪೂರ್ ಹೇಳಿದ್ದು ಇದನ್ನೇ. ಮಹತ್ವವಿಲ್ಲದ ಸಂಗತಿಗಳಿಗೆ ಮಿದುಳು ತಪ್ಪಾಗಿ ಮಹತ್ವ ಅಂಟಿಸುತ್ತದೆ. ಆ ವಿಚಿತ್ರ ಅನುಭವಕ್ಕೆ ಮನುಷ್ಯ ತನ್ನ ತಿಳಿವಳಿಕೆಗೆ ಸಿಕ್ಕ ವಿವರಣೆ ಕಟ್ಟಿಕೊಳ್ಳುತ್ತಾನೆ. ಆ ವಿವರಣೆಯೇ ಭ್ರಮೆ. ಅದು ಬುದ್ಧಿ ಕೆಟ್ಟು ಬಂದದ್ದಲ್ಲ. ಬುದ್ಧಿ ತನ್ನ ಕೆಲಸ ಮಾಡುತ್ತಲೇ ಇದೆ. ಅದರ ಕೈಗೆ ಬಂದ ಸಾಮಗ್ರಿ ಮಾತ್ರ ಕೆಟ್ಟಿದೆ.

ಇದಕ್ಕೆ ಆಧಾರಗಳು ಹಲವು ಕಡೆಯಿಂದ ಬಂದಿವೆ. 1952ರಲ್ಲಿ ಪ್ಯಾರಿಸಿನಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೊಮಜೀನ್‌ನಿಂದ ಹಿಡಿದು ಭ್ರಮೆಯನ್ನು ತಗ್ಗಿಸುವ ಬಹುಪಾಲು ಔಷಧಿಗಳು ಡೋಪಮೈನ್‌ನ ಪರಿಣಾಮವನ್ನು ತಡೆಯುತ್ತವೆ. ಡೋಪಮೈನ್ ಹೆಚ್ಚಿಸುವ ಆಂಫೆಟಮಿನ್‌ನಂಥ ಮಾದಕ ವಸ್ತುಗಳನ್ನು ಜಾಸ್ತಿ ತೆಗೆದುಕೊಂಡವರಲ್ಲಿ ಬೇರೆಯವರು ಹಿಂಬಾಲಿಸುತ್ತಿದ್ದಾರೆ ಎಂಬ ಭ್ರಮೆ ಕಾಣಿಸಿಕೊಳ್ಳಬಹುದು. ಮಿದುಳಿನೊಳಗಿನ ರಾಸಾಯನಿಕ ಚಟುವಟಿಕೆಯನ್ನು ತೋರಿಸುವ ಪೆಟ್ ಸ್ಕ್ಯಾನ್ ಅಧ್ಯಯನಗಳಲ್ಲಿ ಸೈಕೋಸಿಸ್ ಇರುವವರ ಮಿದುಳಿನ ಸ್ಟ್ರಯೇಟಮ್ ಎಂಬ ಭಾಗದಲ್ಲಿ ಡೋಪಮೈನ್ ತಯಾರಾಗುವ ಪ್ರಮಾಣ ಸರಾಸರಿಯಲ್ಲಿ ಹೆಚ್ಚು ಕಂಡಿದೆ. 2009ರಲ್ಲಿ ಆಲಿವರ್ ಹೋವ್ಸ್ ಮತ್ತು ಜತೆಗಾರರು, ಇನ್ನೂ ಪೂರ್ತಿ ಸೈಕೋಸಿಸ್ ಬಂದಿರದ, ಮುನ್ಸೂಚನೆ ಮಾತ್ರ ಇದ್ದವರಲ್ಲೂ ಈ ಏರಿಕೆಯನ್ನು ಕಂಡರು. ಭ್ರಮೆಗೂ ಮೊದಲೇ ಏನೋ ಬದಲಾಗಿರುತ್ತದೆ ಎಂಬ ಹಳೆಯ ವೈದ್ಯರ ಮಾತಿಗೆ ಇದು ಒಳ್ಳೆಯ ಬೆಂಬಲ.

ಇನ್ನೊಂದು ಆಧಾರ ಪ್ರಯೋಗಾಲಯದ್ದು. ಪದೇ ಪದೇ ಕೇಳಿ ಏನೂ ಉಪಯೋಗವಿಲ್ಲ ಎಂದು ಗೊತ್ತಾದ ಶಬ್ದವನ್ನು ನಾವು ಕೇಳಿಸಿಕೊಳ್ಳುವುದನ್ನೇ ಬಿಡುತ್ತೇವೆ. ಮುಂದೆ ಅದೇ ಶಬ್ದಕ್ಕೆ ಹೊಸ ಅರ್ಥ ಕೊಟ್ಟರೆ ಕಲಿಯುವುದು ನಿಧಾನವಾಗುತ್ತದೆ. ತೀವ್ರ ಹಂತದ ಸ್ಕಿಜೋಫ್ರೇನಿಯಾ ಇರುವವರಲ್ಲಿ ಈ ನಿಧಾನ ಕಾಣಲಿಲ್ಲ ಎಂದು 1988ರಲ್ಲಿ ಬರೂಕ್, ಹೆಮ್ಸ್ಲಿ ಮತ್ತು ಗ್ರೇ ತೋರಿಸಿದರು. ಅವರಿಗೆ ಹಳೆಯ ಶಬ್ದವೂ ಹೊಸದರಂತೆಯೇ ಇತ್ತು. ಲೋಕದ ಗದ್ದಲವನ್ನು ಬದಿಗೆ ಸರಿಸುವ ಸಾಮರ್ಥ್ಯ ನಮಗೆ ಎಷ್ಟು ನೆಮ್ಮದಿ ಕೊಟ್ಟಿದೆ ಎಂಬುದು, ಅದು ಇದ್ದಷ್ಟು ದಿನ ನಮಗೆ ತಿಳಿಯುವುದೇ ಇಲ್ಲ.

ಅಪಾಯದ ಕಡೆಗೆ ವಾಲುವ ಕಣ್ಣು

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕತೆ ಮಾತ್ರ. ಎಲ್ಲವೂ ಮಹತ್ವದ್ದಾಗಿ ಕಂಡರೆ ಅದು ಆನಂದವೂ ಆಗಬಹುದಿತ್ತು. ಕೆಲವರಿಗೆ ಹಾಗೂ ಆಗುತ್ತದೆ. ಆದರೆ ಬಹಳ ಜನರಿಗೆ ಅದು ಭಯವಾಗಿಯೇ ಬರುತ್ತದೆ. ತನಗೆ ಕೇಡು ಮಾಡಲು ಯಾರೋ ಹೊಂಚು ಹಾಕಿದ್ದಾರೆ ಎಂಬುದು ಎಲ್ಲಕ್ಕಿಂತ ಸಾಮಾನ್ಯವಾದ ಭ್ರಮೆ. ಇಲ್ಲಿ ಗಮನದ ಎರಡನೇ ಏರುಪೇರು ಕೆಲಸ ಮಾಡುತ್ತದೆ. ಗಮನ ಅಪಾಯದ ಕಡೆಗೇ ವಾಲುತ್ತದೆ.

ಇದನ್ನು ಅಳೆಯುವ ಒಂದು ಜಾಣ ಪರೀಕ್ಷೆ ಇದೆ. ಬೇರೆ ಬೇರೆ ಬಣ್ಣದ ಶಾಯಿಯಲ್ಲಿ ಪದಗಳನ್ನು ಬರೆದಿರುತ್ತಾರೆ. ಪದ ಓದಬಾರದು, ಶಾಯಿಯ ಬಣ್ಣ ಮಾತ್ರ ಹೇಳಬೇಕು. 1989ರಲ್ಲಿ ರಿಚರ್ಡ್ ಬೆಂಟಾಲ್ ಮತ್ತು ಸೂ ಕೇನಿ ಈ ಪರೀಕ್ಷೆಯನ್ನು ಕೇಡಿನ ಭ್ರಮೆ ಇರುವವರಿಗೆ ಕೊಟ್ಟರು. ಮೋಸ, ಬೇಹುಗಾರಿಕೆಯಂಥ ಬೆದರಿಕೆಯ ಪದ ಬಂದಾಗ ಅವರು ಬಣ್ಣ ಹೇಳುವುದು ನಿಧಾನವಾಯಿತು. ಬೇಡವೆಂದರೂ ಪದದ ಅರ್ಥ ಅವರ ಗಮನವನ್ನು ಎಳೆದುಕೊಂಡಿತ್ತು.

ಹಾಗೆಂದು ಅವರು ಅಪಾಯವನ್ನೇ ದಿಟ್ಟಿಸುತ್ತಾ ಕೂರುತ್ತಾರೆ ಎಂದುಕೊಳ್ಳಬೇಡಿ. ಕಣ್ಣಿನ ಚಲನೆ ದಾಖಲಿಸಿದ ಅಧ್ಯಯನಗಳಲ್ಲಿ ಚಿತ್ರ ಇನ್ನೂ ಸಂಕೀರ್ಣವಾಗಿದೆ. ಕೆಲವು ಅಧ್ಯಯನಗಳಲ್ಲಿ ಭ್ರಮೆ ಇರುವವರು ಮುಖದ ಭಾವ ತಿಳಿಸುವ ಕಣ್ಣು, ಬಾಯಿಯ ಭಾಗಗಳನ್ನು ಇತರರಿಗಿಂತ ಕಡಿಮೆ ನೋಡಿದರು. ಥಟ್ಟನೆ ಅಪಾಯ ಗುರುತಿಸುವುದು, ತಕ್ಷಣ ಕಣ್ಣು ಕೀಳುವುದು, ಇದು ಆತಂಕ ಇರುವ ಅನೇಕರಲ್ಲಿ ಕಾಣುವ ರೀತಿ. ಎಲ್ಲ ಪ್ರಯೋಗಗಳಲ್ಲೂ ಫಲಿತಾಂಶ ಒಂದೇ ಆಗಿ ಬಂದಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಈ ‘ಕಂಡ ಕೂಡಲೇ ಕಣ್ಣು ಕೀಳುವುದು’ ನಿಜ ಜೀವನದಲ್ಲಿ ಏನು ಮಾಡುತ್ತದೆ ಎಂದು ಯೋಚಿಸಿ. ಎದುರಿನವನ ಮುಖದಲ್ಲಿ ಸಿಡುಕಿನ ಛಾಯೆ ಕಂಡಿತು. ಕೂಡಲೇ ತಲೆ ತಗ್ಗಿಸಿದಿರಿ. ಎರಡು ಸೆಕೆಂಡ್ ಜಾಸ್ತಿ ನೋಡಿದ್ದರೆ ಅವನಿಗೆ ಸೀನು ಬರುತ್ತಿತ್ತು ಎಂದು ಗೊತ್ತಾಗುತ್ತಿತ್ತು. ನೀವು ನೋಡಲಿಲ್ಲ. ಅವನ ಸಿಡುಕು ನಿಮ್ಮ ಮನಸ್ಸಿನಲ್ಲಿ ಹಾಗೇ ಉಳಿಯಿತು.

ಆಕ್ಸ್‌ಫರ್ಡ್‌ನ ಡೇನಿಯಲ್ ಫ್ರೀಮನ್ ವರ್ಷಗಳಿಂದ ಅಧ್ಯಯನ ಮಾಡುತ್ತಿರುವುದು ಈ ಸುತ್ತನ್ನೇ. ಭಯ ಇರುವವನು ತನ್ನನ್ನು ಕಾಪಾಡಿಕೊಳ್ಳಲು ದಾರಿ ಹುಡುಕುತ್ತಾನೆ. ಜನ ಇರುವ ಕಡೆ ಹೋಗುವುದಿಲ್ಲ. ಹೋದರೂ ಬಾಗಿಲ ಹತ್ತಿರವೇ ನಿಲ್ಲುತ್ತಾನೆ. ಯಾರ ಮುಖವನ್ನೂ ನೋಡುವುದಿಲ್ಲ. ಅವತ್ತು ಏನೂ ಆಗುವುದಿಲ್ಲ. ‘ನಾನು ಹುಷಾರಾಗಿದ್ದೆ, ಅದಕ್ಕೇ ಬಚಾವಾದೆ’ ಎಂದುಕೊಳ್ಳುತ್ತಾನೆ. ಅಪಾಯವೇ ಇರಲಿಲ್ಲ ಎಂದು ತಿಳಿಯುವ ಅವಕಾಶ ಕೈತಪ್ಪುತ್ತದೆ. ರಾತ್ರಿ ಅದನ್ನೇ ಮೆಲುಕು ಹಾಕುತ್ತಾ ನಿದ್ದೆ ಕೆಡುತ್ತದೆ. ನಿದ್ದೆಗೆಟ್ಟವನಿಗೆ ಮರುದಿನ ಎಲ್ಲ ಮುಖಗಳೂ ಇನ್ನಷ್ಟು ಅನುಮಾನಾಸ್ಪದವಾಗಿ ಕಾಣುತ್ತವೆ. ಹೀಗೆ ಸುತ್ತು ಪೂರ್ತಿಯಾಗುತ್ತದೆ. ಹಿಂದೆ ನಿಜವಾಗಿಯೇ ಹಿಂಸೆ, ಅವಮಾನ ಕಂಡವರಲ್ಲಿ ಈ ಸುತ್ತು ಇನ್ನೂ ಸುಲಭವಾಗಿ ಬಿಗಿಯುತ್ತದೆ. ಬಾಲ್ಯದ ಆಘಾತ ಸೈಕೋಸಿಸ್‌ನ ಸಾಧ್ಯತೆಯನ್ನು ಹೆಚ್ಚಿಸುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರ ಇದೆ. ಅಂಥವರ ಗಮನ ಅಪಾಯದ ಕಡೆ ವಾಲಿದ್ದರೆ ಅದರಲ್ಲಿ ಅಚ್ಚರಿಯೇನಿದೆ? ಒಂದು ಕಾಲದಲ್ಲಿ ಅವರನ್ನು ಉಳಿಸಿದ್ದೇ ಆ ಎಚ್ಚರ.

ಎರಡೇ ಮಣಿಗೆ ತೀರ್ಮಾನ

ಗಮನದಿಂದ ನಂಬಿಕೆಗೆ ಹೋಗುವ ಹೆಜ್ಜೆಯ ಬಗ್ಗೆ ಒಂದು ಪ್ರಸಿದ್ಧ ಪ್ರಯೋಗ ಇದೆ. 1988ರಲ್ಲಿ ಹಕ್, ಗ್ಯಾರೆಟಿ, ಹೆಮ್ಸ್ಲಿ ಮಾಡಿದ್ದು. ಎರಡು ಜಾಡಿಗಳು. ಒಂದರಲ್ಲಿ 85 ಮಣಿ ಒಂದು ಬಣ್ಣದವು, 15 ಇನ್ನೊಂದು ಬಣ್ಣದವು. ಇನ್ನೊಂದರಲ್ಲಿ ಅದರ ತಿರುಗುಮುರುಗು. ಜಾಡಿಗಳನ್ನು ಮರೆಮಾಡಿ, ಒಂದರಿಂದ ಒಂದೊಂದೇ ಮಣಿ ತೋರಿಸುತ್ತಾರೆ. ಇದು ಯಾವ ಜಾಡಿ ಎಂದು ಹೇಳಬೇಕು. ಎಷ್ಟು ಮಣಿ ಬೇಕಾದರೂ ಕೇಳಬಹುದು. ಭ್ರಮೆ ಇರುವವರು ಇತರರಿಗಿಂತ ಕಡಿಮೆ ಮಣಿ ಕೇಳಿದರು. ಒಂದೋ ಎರಡೋ ಮಣಿ ನೋಡಿ ತೀರ್ಮಾನ ಹೇಳಿದವರು ಅವರಲ್ಲಿ ಜಾಸ್ತಿ. ಆಮೇಲೆ ಎಷ್ಟೋ ಕಡೆ ಈ ಫಲಿತಾಂಶ ಮತ್ತೆ ಬಂದಿದೆ. ಆತುರದ ತೀರ್ಮಾನ ಎಂದು ಇದಕ್ಕೆ ಹೆಸರು.

‘ನೋಡಿ, ಇವರಿಗೆ ಯೋಚಿಸಲು ಬರುವುದಿಲ್ಲ’ ಎಂದು ಇದನ್ನು ಓದುವವರಿದ್ದಾರೆ. ಅದು ಸರಿಯಲ್ಲ. ಲೆಕ್ಕ ಹಾಕಿ ನೋಡಿ. ಮೊದಲ ಮಣಿ ನೋಡಿದ ಕೂಡಲೇ ಸರಿ ಉತ್ತರದ ಸಾಧ್ಯತೆ 85% ಆಗುತ್ತದೆ. ಎರಡನೆಯದೂ ಅದೇ ಬಣ್ಣದ್ದಾದರೆ 97% ದಾಟುವ ಹತ್ತಿರ ಬರುತ್ತದೆ. ಅಂದರೆ ಎರಡು ಮಣಿಗೆ ತೀರ್ಮಾನ ಮಾಡಿದವನು ಗಣಿತದ ಪ್ರಕಾರ ತಪ್ಪೇ ಮಾಡಿಲ್ಲ. ಇನ್ನೂ ನಾಲ್ಕು ಮಣಿ ಕೇಳುವ ನಾವೇ ಅತಿ ಎಚ್ಚರಿಕೆಯವರು. ವ್ಯತ್ಯಾಸ ಇರುವುದು ತರ್ಕದಲ್ಲಿ ಅಲ್ಲ, ಸಾಕು ಎನಿಸುವ ಗೆರೆಯಲ್ಲಿ. ಪ್ರಯೋಗಾಲಯದ ಮಣಿಗಳಲ್ಲಿ ಆತುರದಿಂದ ನಷ್ಟವಿಲ್ಲ. ಆದರೆ ಬದುಕಿನಲ್ಲಿ ಸಿಗುವ ಸುಳಿವುಗಳು ಮಣಿಗಳಷ್ಟು ಸ್ಪಷ್ಟ ಇರುವುದಿಲ್ಲ. ಜತೆಗೆ ಬರುವ ‘ಮಣಿ’ಗಳೆಲ್ಲ ಅಪಾಯದ ಬಣ್ಣದ್ದೇ ಆಗಿ ಕಾಣುತ್ತಿದ್ದರೆ, ಬೇಗ ತೀರ್ಮಾನಕ್ಕೆ ಬರುವ ಸ್ವಭಾವ ದುಬಾರಿಯಾಗುತ್ತದೆ.

ಈ ಆತುರವನ್ನು ಸೈಕೋಸಿಸ್‌ನ ಗುರುತು ಎಂದೇ ಹೇಳಲೂ ಆಗದು. ಮೊದಲ ಸಲ ಸೈಕೋಸಿಸ್ ಬಂದವರನ್ನು ಹಲವು ದೇಶಗಳಲ್ಲಿ ಅಧ್ಯಯನ ಮಾಡಿ 2020ರಲ್ಲಿ ಪ್ರಕಟವಾದ ಒಂದು ವರದಿಯಲ್ಲಿ, ಇದಕ್ಕೂ ಸಾಮಾನ್ಯ ಬುದ್ಧಿಮತ್ತೆಯ ಪರೀಕ್ಷೆಯ ಅಂಕಗಳಿಗೂ ಗಟ್ಟಿ ಸಂಬಂಧ ಕಂಡಿತು. ನನ್ನ ಮಟ್ಟಿಗೆ ಹೆಚ್ಚು ತೂಕದ್ದು ಇನ್ನೊಂದು ವಾಲಿಕೆ. ಹೊಸ ಮಾಹಿತಿ ಬಂದರೂ ಮೊದಲ ಅರ್ಥವನ್ನು ಬಿಡದಿರುವುದು. ಟಾಡ್ ವುಡ್ವರ್ಡ್ ಮತ್ತು ಸ್ಟೆಫೆನ್ ಮೊರಿಟ್ಸ್ ಇದನ್ನು ಹಂತ ಹಂತವಾಗಿ ಬಿಚ್ಚಿಕೊಳ್ಳುವ ಸಣ್ಣ ಸನ್ನಿವೇಶಗಳ ಮೂಲಕ ಪರೀಕ್ಷಿಸಿದರು. ಮೊದಲ ಸುಳಿವು ಒಂದು ಕಡೆ ಎಳೆಯುತ್ತದೆ, ಮುಂದಿನ ಸುಳಿವುಗಳು ಅದು ತಪ್ಪೆಂದು ತೋರಿಸುತ್ತವೆ. ಭ್ರಮೆ ಇರುವವರು ಮೊದಲ ಅರ್ಥವನ್ನು ಕೆಳಗಿಡಲು ಹೆಚ್ಚು ಹಿಂಜರಿದರು. ಮನೆಯ ಜಗಳದಲ್ಲಿ ಹತ್ತು ಸಾಕ್ಷಿ ಹೊಡೆದುಹಾಕಿದರೂ ನಂಬಿಕೆ ಅಲುಗದ್ದಕ್ಕೆ ಇದೂ ಒಂದು ಕಾರಣ.

ಇವೆಲ್ಲ ‘ಅವರ’ ಕತೆ ಎಂದುಕೊಳ್ಳುವುದು ಬೇಡ. 2008ರಲ್ಲಿ ಫ್ರೀಮನ್ ತಂಡ 200 ಸಾಮಾನ್ಯ ಜನರಿಗೆ ವರ್ಚುವಲ್ ರಿಯಾಲಿಟಿ ಕನ್ನಡಕ ಹಾಕಿಸಿ ಸುರಂಗ ರೈಲಿನೊಳಗೆ ಕಳಿಸಿತು. ಅಲ್ಲಿದ್ದ ಕಂಪ್ಯೂಟರ್ ಪ್ರಯಾಣಿಕರು ಯಾರಿಗೂ ಏನೂ ಮಾಡದಂತೆ ರೂಪಿಸಿದವರು. ಆದರೂ ಭಾಗವಹಿಸಿದ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನರಿಗೆ ‘ಅವನು ನನ್ನನ್ನು ಒಂಥರಾ ನೋಡುತ್ತಿದ್ದ’ ಎಂಬಂಥ ಅನುಮಾನ ಬಂತು. 18 ದೇಶಗಳ 31,261 ಜನರನ್ನು ಮಾತಾಡಿಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಜೀವನದಲ್ಲಿ ಒಮ್ಮೆಯಾದರೂ ಸೈಕೋಸಿಸ್‌ನಂಥ ಅನುಭವ ಆದವರು 5.8%. ಅವರಲ್ಲಿ ಬಹುಪಾಲು ಜನರಿಗೆ ಕಾಯಿಲೆ ಬರುವುದಿಲ್ಲ. ಬಿಟ್ಟುಹೋಗದೆ ಉಳಿದಾಗ, ಬದುಕನ್ನು ಕೆಡಿಸಿದಾಗ ಮಾತ್ರ ಅದು ಕಾಯಿಲೆ.

ಸದಾ ಒಪ್ಪುವ ಗೆಳೆಯ

ಭ್ರಮೆಯ ವಿಷಯವಸ್ತು ಕಾಲದ ಜತೆ ಬದಲಾಗುತ್ತದೆ. 1919ರಲ್ಲಿ ವಿಯೆನ್ನಾದ ವಿಕ್ಟರ್ ಟೌಸ್ಕ್, ಯಾವುದೋ ಯಂತ್ರ ದೂರದಿಂದ ತಮ್ಮನ್ನು ನಿಯಂತ್ರಿಸುತ್ತಿದೆ ಎನ್ನುವ ರೋಗಿಗಳ ಬಗ್ಗೆ ಬರೆದರು. ಇವತ್ತು ಆ ಜಾಗದಲ್ಲಿ ಫೋನ್, ಕ್ಯಾಮೆರಾ, ಆ್ಯಪ್ ಬಂದಿವೆ. ಆದರೆ ಈಗ ಹೊಸದೊಂದು ಸೇರಿದೆ. ಹಳೆಯ ಕಾಲದ ಯಂತ್ರ ರೋಗಿಯ ಜತೆ ಮಾತಾಡುತ್ತಿರಲಿಲ್ಲ.

ನೀವು ಯಾವುದರ ಮೇಲೆ ಎರಡು ಕ್ಷಣ ನಿಂತಿರೋ ಅದನ್ನೇ ಇನ್ನಷ್ಟು ತೋರಿಸುವುದು ಸೋಷಿಯಲ್ ಮೀಡಿಯಾದ ಕೆಲಸ. ಗಮನ ಈಗಾಗಲೇ ಅಪಾಯದ ಕಡೆ ವಾಲಿದವನಿಗೆ ಅದು ಅಪಾಯವನ್ನೇ ಬಡಿಸುತ್ತದೆ. ಚಾಟ್‌ಬಾಟ್‌ಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಬಲ್ಲವು. ಡೆನ್ಮಾರ್ಕಿನ ಮನೋವೈದ್ಯ ಸೋರೆನ್ ಆಸ್ಟರ್‌ಗೋರ್ 2023ರಲ್ಲೇ ಈ ಅಪಾಯದ ಬಗ್ಗೆ ಎಚ್ಚರಿಸಿದ್ದರು. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಕಂಪನಿ ತನ್ನ ಚಾಟ್‌ಜಿಪಿಟಿಯ ಒಂದು ಹೊಸ ಆವೃತ್ತಿಯನ್ನು ಹಿಂತೆಗೆದುಕೊಂಡಿತು. ಬಳಕೆದಾರ ಏನು ಹೇಳಿದರೂ ಅದು ಅತಿಯಾಗಿ ಹೊಗಳುತ್ತಿದೆ, ಒಪ್ಪುತ್ತಿದೆ ಎಂದು ಕಂಪನಿಯೇ ಒಪ್ಪಿಕೊಂಡಿತು. ‘ಎಐ ಸೈಕೋಸಿಸ್’ ಎಂಬ ಮಾತು ಪತ್ರಿಕೆಗಳಲ್ಲಿ ಓಡಾಡುತ್ತಿದೆ. ರೋಗಗಳ ಅಧಿಕೃತ ಪಟ್ಟಿಯಲ್ಲಿ ಅಂಥ ಕಾಯಿಲೆ ಇಲ್ಲ. ನನಗೆ ಕಳವಳ ಇರುವುದು ಆ ಹೆಸರಿನ ಬಗ್ಗೆಯಲ್ಲ. ಕೊನ್ರಾಡ್ ಹೇಳಿದ ಮೊದಲ ಹಂತದಲ್ಲಿ, ಏನೋ ನಡೆಯಲಿದೆ ಎಂದು ರಾತ್ರಿಯಿಡೀ ಎದ್ದು ಕೂತವನ ಬಗ್ಗೆ. ಅವನು ಹೇಳುವ ಪ್ರತಿ ಸುಳಿವಿಗೂ ‘ನೀವು ಹೇಳುವುದರಲ್ಲಿ ಅರ್ಥ ಇದೆ’ ಎನ್ನುವ, ದಣಿಯದ, ನಿದ್ದೆ ಮಾಡದ ಒಂದು ಧ್ವನಿ ಕೈಯಲ್ಲೇ ಇದೆ. ಅನುಮಾನ ಗಟ್ಟಿಯಾಗಲು ಮೊದಲು ತಿಂಗಳುಗಳು ಬೇಕಾಗುತ್ತಿದ್ದರೆ, ಈಗ ಆ ಸಮಯ ಕಡಿಮೆಯಾಗಬಹುದು.

ಏನು ಮಾಡಬಹುದು

ಭ್ರಮೆ ಒಂದು ವಿವರಣೆ ಎಂದು ಒಪ್ಪಿದರೆ, ಅದರ ಜತೆ ವಾದ ಮಾಡಿ ಗೆಲ್ಲುವ ಆಸೆ ಬಿಡಬೇಕಾಗುತ್ತದೆ. ಹಾಗೆಂದು ‘ಹೌದು, ಅವರು ನಿನ್ನ ಹಿಂದೆ ಬಿದ್ದಿದ್ದಾರೆ’ ಎಂದು ಒಪ್ಪುವುದೂ ಬೇಡ. ನಡುವೆ ಒಂದು ದಾರಿ ಇದೆ. ಭಯವನ್ನು ಒಪ್ಪಬಹುದು, ಕಾರಣವನ್ನು ಒಪ್ಪಬೇಕಾಗಿಲ್ಲ. ‘ನಿನಗೆ ತುಂಬ ಹೆದರಿಕೆ ಆಗ್ತಿದೆ ಅಂತ ಗೊತ್ತಾಗ್ತಿದೆ. ನನಗೆ ಹಾಗೆ ಕಾಣ್ತಿಲ್ಲ. ಆದರೆ ನಿನ್ನ ಜತೆ ಇರ್ತೀನಿ. ರಾತ್ರಿ ನಿದ್ದೆ ಬರ್ತಿದೆಯಾ?’ ಈ ಕೊನೆಯ ಪ್ರಶ್ನೆ ಸಣ್ಣದಲ್ಲ. ಬ್ರಿಟನ್ನಿನ 26 ವಿಶ್ವವಿದ್ಯಾಲಯಗಳಲ್ಲಿ ನಿದ್ದೆಯ ತೊಂದರೆ ಇದ್ದ 3,755 ವಿದ್ಯಾರ್ಥಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಿದ್ದೆಗೆ ಚಿಕಿತ್ಸೆ ಕೊಟ್ಟಾಗ ಅನುಮಾನದ ಯೋಚನೆಗಳೂ ತಗ್ಗಿದವು. ‘ನಂಗೆ ತಲೆ ಕೆಟ್ಟಿಲ್ಲ’ ಎಂದು ವೈದ್ಯರ ಹತ್ತಿರ ಬರಲು ಒಪ್ಪದವನು ‘ನಿದ್ದೆ ಬರ್ತಿಲ್ಲ, ತೋರಿಸೋಣ’ ಎಂದರೆ ಬರಬಹುದು. ಅದು ಮೋಸವೂ ಅಲ್ಲ, ಅವನಿಗೆ ನಿಜವಾಗಿಯೂ ನಿದ್ದೆ ಬರುತ್ತಿಲ್ಲ.

ಥೈರಾಯ್ಡ್ ತೊಂದರೆ, ಮಿದುಳಿನ ಉರಿಯೂತ, ಮಾದಕ ವಸ್ತುಗಳಂಥ ಕಾರಣಗಳು ಇವೆಯೇ ಎಂದು ವೈದ್ಯರು ಮೊದಲು ನೋಡುತ್ತಾರೆ. ಗಾಂಜಾದ ಬಗ್ಗೆ ಕೇಳಿದರೆ ಮುಚ್ಚಿಡಬೇಡಿ. ಹೆಚ್ಚು ತೀಕ್ಷ್ಣತೆಯ ಗಾಂಜಾವನ್ನು ದಿನಾ ಸೇದುವವರಲ್ಲಿ ಸೈಕೋಸಿಸ್‌ನ ಸಾಧ್ಯತೆ ಸೇದದವರಿಗಿಂತ ಐದು ಪಟ್ಟಿನ ಹತ್ತಿರ ಇದೆ ಎಂದು 2019ರ ಒಂದು ದೊಡ್ಡ ಅಧ್ಯಯನ ಹೇಳಿದೆ. ಸಾಯುವ ಮಾತು ಬಂದರೆ, ಅಥವಾ ಧ್ವನಿಗಳು ಏನನ್ನೋ ಮಾಡಲು ಹೇಳುತ್ತಿದ್ದರೆ, ಕಾಯುವುದು ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಔಷಧಿಯ ಬಗ್ಗೆ ಒಂದು ಮಾತು. ಮಾತ್ರೆ ನಂಬಿಕೆಯನ್ನು ಅಳಿಸುವುದಿಲ್ಲ. ಹೊಸ ಗೆರೆಗಳು ಬೀಳುವುದನ್ನು ಕಡಿಮೆ ಮಾಡುತ್ತದೆ. ಹಳೆಯ ನಂಬಿಕೆ ಎಷ್ಟೋ ದಿನ ಇದ್ದೇ ಇರುತ್ತದೆ. ‘ಅವರು ಈಗಲೂ ನೋಡುತ್ತಿರಬಹುದು, ಆದರೆ ಅದು ನನ್ನನ್ನು ಅಷ್ಟು ಕಾಡುವುದಿಲ್ಲ’ ಎನ್ನುವುದು ಚಿಕಿತ್ಸೆ ಕೆಲಸ ಮಾಡುತ್ತಿರುವ ಲಕ್ಷಣ. ‘ಇನ್ನೂ ಅದನ್ನೇ ಹೇಳ್ತಾನೆ, ಮಾತ್ರೆ ನಾಟಲಿಲ್ಲ’ ಎಂದು ಅಲ್ಲಿಗೇ ನಿಲ್ಲಿಸಿಬಿಟ್ಟರೆ ಗೆರೆಗಳು ಮತ್ತೆ ಶುರುವಾಗುತ್ತವೆ. ಮಾತ್ರೆಗಳಿಗೆ ಅಡ್ಡ ಪರಿಣಾಮಗಳಿವೆ. ತೂಕ ಏರುತ್ತದೆ, ಮಂಪರು ಬರುತ್ತದೆ. ಅವನ್ನು ವೈದ್ಯರ ಮುಂದೆ ಹೇಳಿ ಪ್ರಮಾಣ ಬದಲಿಸಿಕೊಳ್ಳುವ ಹಕ್ಕು ರೋಗಿಗೆ ಇದೆ.

ಉಳಿದ ಕೆಲಸ ಮಾತಿನ ಚಿಕಿತ್ಸೆಯದು. ಮೊರಿಟ್ಸ್ ತಂಡ ರೂಪಿಸಿದ ಗುಂಪು ತರಬೇತಿಯಲ್ಲಿ ಯಾರ ಭ್ರಮೆಯ ಬಗ್ಗೆಯೂ ನೇರವಾಗಿ ಚರ್ಚೆ ಇಲ್ಲ. ಮನುಷ್ಯರ ಯೋಚನೆ ಹೇಗೆ ಎಡವುತ್ತದೆ ಎಂದು ಚಿತ್ರ, ಒಗಟುಗಳ ಮೂಲಕ ತೋರಿಸುತ್ತಾರೆ. ಫ್ರೀಮನ್ ದಾರಿ ಇನ್ನೊಂದು. ನಿದ್ದೆ, ಚಿಂತೆ, ಆತ್ಮವಿಶ್ವಾಸ ಇವನ್ನು ಮೊದಲು ಸರಿಪಡಿಸಿ, ಆಮೇಲೆ ಥೆರಪಿಸ್ಟ್ ಜತೆ ಹೊರಗೆ ಹೋಗಿ, ತಲೆ ಎತ್ತಿ, ಜನರ ಮುಖ ನೋಡಿ, ತಾನು ಸುರಕ್ಷಿತ ಎಂದು ಸ್ವಂತ ಕಣ್ಣಿನಿಂದ ಕಲಿಯುವುದು. ಔಷಧಿಯಿಂದ ಪೂರ್ತಿ ಗುಣ ಕಾಣದ 130 ಜನರ ಮೇಲೆ ನಡೆದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಈ ಚಿಕಿತ್ಸೆ ಪಡೆದವರಲ್ಲಿ ಸುಮಾರು ಅರ್ಧದಷ್ಟು ಜನರ ಕೇಡಿನ ಭ್ರಮೆ ಹಿಂದೆ ಸರಿಯಿತು. ವಾದದಿಂದ ಅಲುಗದ ನಂಬಿಕೆ, ಗಮನ ಬೇರೆ ಕಡೆ ನಿಲ್ಲಲು ಕಲಿತಾಗ ಸಡಿಲವಾಗಿತ್ತು.

ಆದರೆ ಇಷ್ಟೆಲ್ಲ ಇದ್ದೂ ಜನ ಚಿಕಿತ್ಸೆಗೆ ಬರುವುದು ತಡವಾಗಿ. ಅಮೆರಿಕದ 21 ರಾಜ್ಯಗಳಲ್ಲಿ ಮೊದಲ ಸಲ ಸೈಕೋಸಿಸ್ ಬಂದ 404 ಜನರ ಅಧ್ಯಯನದಲ್ಲಿ, ಸೈಕೋಸಿಸ್ ಶುರುವಾಗಿ ಚಿಕಿತ್ಸೆ ಸಿಗುವವರೆಗಿನ ಮಧ್ಯಮ ಅವಧಿ (ಅರ್ಧ ಜನರಿಗೆ ಇದಕ್ಕಿಂತ ಕಡಿಮೆ, ಉಳಿದರ್ಧಕ್ಕೆ ಜಾಸ್ತಿ) 74 ವಾರ. ಸುಮಾರು ಒಂದೂವರೆ ವರ್ಷ! ಈ ಅವಧಿ ಉದ್ದವಾದಷ್ಟೂ ಚೇತರಿಕೆ ಕಷ್ಟ ಎಂಬುದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಕಂಡ ಸಂಗತಿ.

ಇದನ್ನು ಕಡಿಮೆ ಮಾಡಲು ಆಗುತ್ತದೆ ಎಂದು ನಾರ್ವೆಯ ರೋಗಾಲ್ಯಾಂಡ್ ಪ್ರದೇಶ ತೋರಿಸಿತು. 1997ರಿಂದ ಅಲ್ಲಿ ಪತ್ರಿಕೆ, ರೇಡಿಯೊ, ಸಿನಿಮಾ ಮಂದಿರಗಳಲ್ಲಿ ಸೈಕೋಸಿಸ್‌ನ ಮೊದಲ ಲಕ್ಷಣಗಳ ಬಗ್ಗೆ ಪ್ರಚಾರ ಮಾಡಿದರು. ಶಾಲೆಗಳಿಗೂ ಸಾಮಾನ್ಯ ವೈದ್ಯರಿಗೂ ಮಾಹಿತಿ ಕೊಟ್ಟರು. ಯಾರು ಬೇಕಾದರೂ ಫೋನ್ ಮಾಡಬಹುದಾದ ತಂಡವೊಂದನ್ನು ಇಟ್ಟರು. ಚಿಕಿತ್ಸೆ ಸಿಗುವವರೆಗಿನ ಮಧ್ಯಮ ಅವಧಿ 5 ವಾರಕ್ಕೆ ಇಳಿಯಿತು. ಮುಂದೆ ಸಾರ್ವಜನಿಕ ಪ್ರಚಾರ ನಿಲ್ಲಿಸಿದರು. ಫೋನ್ ತಂಡ ಇತ್ತು, ವೈದ್ಯರೂ ಇದ್ದರು. ಆದರೂ ಆ ಅವಧಿ 15 ವಾರಕ್ಕೆ ಏರಿತು. ಬರುವ ಹೊತ್ತಿಗೆ ರೋಗಿಗಳ ಸ್ಥಿತಿಯೂ ಮೊದಲಿನವರಿಗಿಂತ ಬಿಗಡಾಯಿಸಿರುತ್ತಿತ್ತು.